ನಾಲ್ಕು ಗೀರಿನ ಜೆಟ್ಟು

ಬಸ್ಸು ಬೆಟ್ಟದ ಮೂರನೇ ತಿರುವಿನಲ್ಲಿ ನಿಂತಾಗ ನಾನು ಎಂಜಿನ್ನಿನ ಪಕ್ಕದ ಸೀಟಿನಲ್ಲೇ ಕೂತಿದ್ದೆ. ನಿಂತಿತು ಅನ್ನುವುದಕ್ಕಿಂತ ಉಸಿರುಕಟ್ಟಿತು ಅನ್ನಬೇಕು. ಮೊದಲು ಎಳೆತ ಕಡಿಮೆಯಾಯಿತು. ಡ್ರೈವರು ಎರಡನೇ ಗೇರಿನಿಂದ ಒಂದಕ್ಕೆ ಇಳಿಸಿದ. ಹಿಂದೆ ಕಪ್ಪು ಹೊಗೆ ಎದ್ದಿತು, ಎಂಜಿನ್ನು ನಾಲ್ಕಾರು ಸಲ ಮುಗ್ಗರಿಸಿ ಸುಮ್ಮನಾಯಿತು. ಒಳಗೆ ಪ್ರಯಾಣಿಕರ ತೂಕಕ್ಕೆಂದು ಹೇರಿದ್ದ ಮರಳಿನ ಮೂಟೆಗಳು, ಮುಂದಿನ ಸೀಟಿನಲ್ಲಿ ಮೋಟಾರು ಇಲಾಖೆಯ ಇನ್ಸ್‌ಪೆಕ್ಟರು, ಅವರ ಪಕ್ಕದಲ್ಲಿ ಬಸ್ಸಿನ ಮಾಲೀಕರು. ಚಕ್ರಕ್ಕೆ ಕಲ್ಲು ಕೊಡುವುದನ್ನು ಇನ್ಸ್‌ಪೆಕ್ಟರು ಇಳಿದು ನೋಡಿದರು. "ಹತ್ತು ದಿನ ಬಿಟ್ಟು ಇನ್ನೊಂದು ಸಲ ಬರ್ತೀನಿ. ಆಗಲೂ ಹತ್ತದೇ ಹೋದರೆ ಈ ಪರ್ಮಿಟ್ಟಿಗೆ ಇನ್ನೊಬ್ಬರ ಅರ್ಜಿ ಕಾದಿದೆ" ಎಂದು ಹೇಳಿ ತಮ್ಮ ಜೀಪಿನ ಕಡೆ ನಡೆದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆ ಡೀಸೆಲ್ ಬಸ್ಸು ಇನ್ನೂ ಅಪರೂಪ. ಯುದ್ಧದ ನಂತರ ಬಂದ ಅಮೆರಿಕದ ಪೆಟ್ರೋಲ್ ಎಂಜಿನ್ನುಗಳೇ ಓಡುತ್ತಿದ್ದವು. ಕೊರಟಗೆರೆಯ ಈ ಮಾಲೀಕರ ನಾಲ್ಕು ಬಸ್ಸುಗಳು ಪಾವಗಡ, ಮಧುಗಿರಿ, ಕೊರಟಗೆರೆಯ ನಡುವೆ ಓಡಾಡುತ್ತಿದ್ದವು. ಅವುಗಳಲ್ಲಿ ಒಂದನ್ನು ದೇವರಾಯನದುರ್ಗದ ಬೆಟ್ಟದ ಮೇಲಿನವರೆಗೂ ಓಡಿಸಬೇಕೆಂದು ಅವರ ಆಸೆ. ನನಗೆ ಅವರು ಕೊಟ್ಟಿದ್ದ ಮಾತು ಒಂದೇ: "ದುರ್ಗ ಹತ್ತಿಸಿಬುಡು ಸಾಬು. ಕೊರಟಗೆರೆ ಶೆಡ್ಡು ನಿನ್ ಕೈಗೇ ಕೊಟ್ಬುಡ್ತೀನಿ, ನಾಕೂ ಗಾಡಿ ನೀನೇ ನೋಡ್ಕೊ." ಆಗ ನಾನು ಮಧುಗಿರಿಯ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ತಗಡಿನ ಕೆಳಗೆ ಕೆಲಸ ಮಾಡುತ್ತಿದ್ದೆ. ಗಾಡಿಯ ಅಡಿಗೆ ಗೋಣಿಚೀಲ ಹಾಸಿ ಅಂಗಾತ ಮಲಗಿದರೆ ಕಣ್ಣಿಗೆ ಮಣ್ಣು, ಬಾಯಿಗೆ ಗ್ರೀಸು. ಕೊರಟಗೆರೆಯ ಶೆಡ್ಡಿನಲ್ಲಿ ಗಾರೆ ಮಾಡಿದ ಗುಂಡಿ ಇತ್ತು. ಅದರೊಳಗೆ ನಿಂತುಕೊಂಡು, ತಲೆ ಎತ್ತಿ, ಮನುಷ್ಯನ ಹಾಗೆ ಕೆಲಸ ಮಾಡಬಹುದಿತ್ತು. ಆ ಗುಂಡಿಯ ಮೇಲೆ ನನಗಿದ್ದ ಆಸೆಯನ್ನು ಹೇಳಿದರೆ ಈಗಿನವರು ನಗುತ್ತಾರೆ.

ಕಾರ್ಬೊರೇಟರು ಮಾಡುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಎಂಜಿನ್ನು ಎಳೆದುಕೊಳ್ಳುವ ಗಾಳಿಗೆ ತಕ್ಕಷ್ಟು ಪೆಟ್ರೋಲು ಬೆರೆಸುವುದು, ಅಷ್ಟೇ. ಆ ಪೆಟ್ರೋಲನ್ನು ಅಳೆದು ಬಿಡುವುದು ಜೆಟ್ಟು. ಕಿರುಬೆರಳಿನ ಉಗುರಿನಷ್ಟು ಹಿತ್ತಾಳೆಯ ತಿರುಪು, ನಡುವೆ ಸೂಜಿ ತೂರುವಷ್ಟು ತೂತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ತೂತು ಮಾತ್ರ ಅಷ್ಟೇ ಇರುತ್ತದೆ, ಹಾಗಾಗಿ ಗಾಳಿಗೆ ಪೆಟ್ರೋಲು ಹೆಚ್ಚಾಗುತ್ತದೆ. ಪಾವಗಡದ ಬಯಲಿಗೂ ದುರ್ಗದ ನೆತ್ತಿಗೂ ಸುಮಾರು ಎರಡು ಸಾವಿರ ಅಡಿ ವ್ಯತ್ಯಾಸ. ಒಳ್ಳೆಯ ಎಂಜಿನ್ನಾದರೆ ಅಷ್ಟನ್ನು ಗೊಣಗುತ್ತಲೇ ಸಹಿಸಿಕೊಂಡು ಹೋದೀತು. ನಮ್ಮದು ಬಯಲಿನಲ್ಲೇ ಸ್ವಲ್ಪ ಹೆಚ್ಚು ಕುಡಿಯುವ ಹಳೆಯ ಎಂಜಿನ್ನು. ಬೇಸಿಗೆಯ ಬಿಸಿಗಾಳಿ, ತುಂಬಿದ ಗಾಡಿ, ಒಂದನೇ ಗೇರು, ಎಲ್ಲ ಸೇರಿ ಬೆಟ್ಟದಲ್ಲಿ ಅದಕ್ಕೆ ಅಜೀರ್ಣವಾಗುತ್ತಿತ್ತು. ಪ್ಲಗ್ಗು ಬಿಚ್ಚಿದರೆ ಮಖಮಲ್ಲಿನಂಥ ಕರಿ ಮಸಿ. ಇದಕ್ಕೆ ಮದ್ದು ಚಿಕ್ಕ ತೂತಿನ ಜೆಟ್ಟು.

ಅದು ನನ್ನ ಹತ್ತಿರ ಇತ್ತು. ಇತ್ತು ಎಂದುಕೊಂಡಿದ್ದೆ.

ನಾನು ಕೆಲಸ ಕಲಿತದ್ದು ಸಿರಾದಲ್ಲಿ, ನಮ್ಮ ಮೊಹಲ್ಲಾದವರೇ ಆದ ಒಬ್ಬ ಉಸ್ತಾದರ ಹತ್ತಿರ, ಆರು ವರ್ಷ. ಹೊಸ ಜೆಟ್ಟು ಅಂಗಡಿಗೆ ಬಂದರೆ ಅದರ ತಲೆಯ ಮೇಲೆ ಒತ್ತಿರುವ ನಂಬರನ್ನು ಅವರು ಉಪ್ಪುಕಾಗದದಲ್ಲಿ ಉಜ್ಜಿ ಅಳಿಸಿಬಿಡುತ್ತಿದ್ದರು. ಅದರ ಬದಲು ಅರದಲ್ಲಿ ಗೀರು ಹಾಕುತ್ತಿದ್ದರು. ಯಾವ ಗೀರಿಗೆ ಯಾವ ನಂಬರು ಎಂಬುದು ಅವರ ತಲೆಯಲ್ಲಿ. ಕೇಳುವ ಪದ್ಧತಿ ನಮ್ಮ ಕಸುಬಿನಲ್ಲಿ ಇರಲಿಲ್ಲ. ಉಸ್ತಾದ್ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಅಷ್ಟೇ. ಶಾಗಿರ್ದ್, ಅಂದರೆ ಶಿಷ್ಯ, ತನ್ನ ಕಾಲ ಮೇಲೆ ನಿಲ್ಲಲು ಹೊರಟಾಗ ಉಸ್ತಾದ್ ತಮ್ಮ ಕೈಯಾರೆ ಒಂದು ವಸ್ತು ಕೊಡುತ್ತಾರೆ. ಕೆಲವರು ಸುತ್ತಿಗೆ ಕೊಡುತ್ತಾರೆ, ಕೆಲವರು ಸ್ಪ್ಯಾನರು. ನನ್ನ ಉಸ್ತಾದರು ಬೀಡಿ ಡಬ್ಬಿಯಲ್ಲಿ ಹನ್ನೆರಡು ಜೆಟ್ಟು ಕೊಟ್ಟರು. ಒಂದು ಗೀರಿನವು ನಾಲ್ಕು, ಎರಡು ಗೀರಿನವು ನಾಲ್ಕು, ಮೂರು ಗೀರಿನವು ನಾಲ್ಕು.

"ಒಂದು ಗೀರು ಪಾವಗಡದ ಬಯಲಿಗೆ, ಎರಡು ಮಧುಗಿರಿಗೆ, ಮೂರು ಬೆಟ್ಟಕ್ಕೆ. ಯಾರಿಗೂ ತೋರಿಸಬೇಡ ಬೇಟಾ" ಎಂದರು. ನಾವು ಮಾತಾಡಿದ್ದು ನಮ್ಮ ಮನೆಮಾತಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಅವರ ಕೈಯನ್ನು ಕಣ್ಣಿಗೊತ್ತಿಕೊಂಡೆ. ಜೊತೆಯಲ್ಲಿ ಕಲಿತವರಲ್ಲಿ ಯಾರಿಗೂ ಸಿಗದ್ದು ನನಗೆ ಸಿಕ್ಕಿತು ಎಂಬ ಹೆಮ್ಮೆಯಿಂದ ಅಂದು ಮನೆಯವರೆಗೂ ನೆಲ ಮುಟ್ಟದೆ ಬಂದೆ.

ಎರಡು ವರ್ಷ ಆ ಡಬ್ಬಿಯಿಂದಲೇ ಕೆಲಸ ಮಾಡಿದೆ. ಪಾವಗಡದ ಗಾಡಿ ಬಂದರೆ ಒಂದು ಗೀರು, ಊರಿನ ಗಾಡಿಗೆ ಎರಡು. ಪ್ರತಿ ಸಲವೂ ಕಾರ್ಬೊರೇಟರನ್ನು ಪೂರ್ತಿ ಬಿಚ್ಚಿ ತೊಳೆದು, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು ನೋಡಿ, ಪ್ಲಗ್ಗಿನ ಸಂದು ಸರಿಮಾಡಿ ಆಮೇಲೆ ಜೆಟ್ಟು ಹಾಕುತ್ತಿದ್ದೆ. "ಈಗ ನೋಡು ಮೇಸ್ತ್ರಿ, ಕುದುರೆ ಆಗ್ಬುಡ್ತು" ಎಂದು ಡ್ರೈವರುಗಳು ಹೊಗಳುತ್ತಿದ್ದರು. ಎಂಜಿನ್ನಿನ ಸದ್ದು ಬದಲಾದದ್ದು ನನ್ನ ಕಿವಿಗೂ ಕೇಳುತ್ತಿತ್ತು.

ಬೆಟ್ಟದ ಮೊದಲ ಪರೀಕ್ಷೆಗೆ ನಾನು ಹಾಕಿದ್ದು ಮೂರು ಗೀರಿನದು. ಅದು ಸೋತ ಮರುದಿನವೇ ಸಿರಾಕ್ಕೆ ಹೋದೆ. ಉಸ್ತಾದರ ಮುಂದೆ ಕೂತು ಎಲ್ಲವನ್ನೂ ಹೇಳಿದೆ: ಎಷ್ಟನೇ ತಿರುವಿನಲ್ಲಿ ನಿಂತಿತು, ಹೊಗೆಯ ಬಣ್ಣ ಏನು, ಪ್ಲಗ್ಗಿನ ಬಣ್ಣ ಏನು. ಮಾಲೀಕರು ಶೆಡ್ಡಿನ ಮಾತು ಕೊಟ್ಟದ್ದನ್ನೂ ಹೇಳಿದೆ. ಅದನ್ನು ಹೇಳುವ ಅಗತ್ಯ ಇರಲಿಲ್ಲ. ತಂದೆಯ ಮುಂದೆ ಮಗ ಹೇಳಿಕೊಂಡಂತೆ ಬಾಯಿಗೆ ಬಂತು.

ಅವರು ಗಡ್ಡ ನೀವಿಕೊಳ್ಳುತ್ತಾ ಕೇಳಿದರು. "ಆ ಶೆಡ್ಡಿನಲ್ಲಿ ಗುಂಡಿ ಇದೆಯಲ್ಲ?"

"ಇದೆ ಉಸ್ತಾದ್. ವೈಸ್ ಕೂಡ ಇದೆ."

"ಅಚ್ಛಾ" ಎಂದು ಎದ್ದು ಒಳಗೆ ಹೋದರು. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಒಳಗಿದ್ದರು. ಬಂದು ನನ್ನ ಅಂಗೈಯಲ್ಲಿ ಒಂದು ಜೆಟ್ಟು ಇಟ್ಟರು. ಅದರ ಅಂಚಿನಲ್ಲಿ ನಾಲ್ಕು ಗೀರು. "ಇದನ್ನು ಇವತ್ತಿನವರೆಗೆ ಯಾರಿಗೂ ಕೊಟ್ಟಿಲ್ಲ. ಮೂರಕ್ಕಿಂತ ಚಿಕ್ಕದು. ಹಾಕಿಕೊ, ದುರ್ಗ ಅಲ್ಲ, ನಂದಿಬೆಟ್ಟ ಹತ್ತುತ್ತದೆ."

ಗೀರುಗಳು ಹೊಸದಾಗಿ ಮಿಂಚುತ್ತಿದ್ದವು. ಒಂದರ ಪಕ್ಕ ಹಿತ್ತಾಳೆಯ ಪುಡಿ ಇನ್ನೂ ಅಂಟಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ನನಗೋಸ್ಕರ ಈಗಲೇ ಕೂತು ಮಾಡಿಕೊಟ್ಟರಲ್ಲ ಎಂದು ಜೆಟ್ಟನ್ನು ಕಣ್ಣಿಗೊತ್ತಿಕೊಂಡೆ. ನನ್ನಂಥ ಮುಠ್ಠಾಳ ಸಿರಾ ತಾಲ್ಲೂಕಿನಲ್ಲೇ ಇದ್ದಿರಲಾರ.

ಮಾಲೀಕರು ಮಧ್ಯಾಹ್ನದ ಟ್ರಿಪ್ಪು ಮುಗಿದ ಮೇಲೆ ಬಸ್ಸನ್ನು ನನ್ನ ಕೈಗೆ ಬಿಡುತ್ತಿದ್ದರು. ಡ್ರೈವರು ಪಾವಗಡದ ಆಚೆಯವನು, ಅರ್ಧ ಕನ್ನಡ ಅರ್ಧ ತೆಲುಗು. ಕ್ಲಚ್ಚನ್ನು ಹೂವಿನಂತೆ ಬಿಡುವ ಕಾಲು ಅವನದು. ನಾಲ್ಕು ಗೀರಿನ ಜೆಟ್ಟು ಹಾಕಿ, ಮರಳಿನ ಮೂಟೆ ಹೇರಿ ಬೆಟ್ಟಕ್ಕೆ ಬಿಟ್ಟೆವು. ಈ ಸಲ ನಾಲ್ಕನೇ ತಿರುವಿನವರೆಗೆ ಹೋಯಿತು. ನನಗೆ ಖುಷಿಯೋ ಖುಷಿ. ಆಮೇಲೆ ಅದೇ ಕಪ್ಪು ಹೊಗೆ, ಅದೇ ಮುಗ್ಗರಿಕೆ.

ಡ್ರೈವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು, "ದೀನಿಕಿ ಊಪಿರಿ ಆಡಲೇದು ಮೇಸ್ತ್ರಿ. ಉಸ್ರೇ ಆಡ್ತಿಲ್ಲ ಇದ್ಕೆ" ಅಂದ.

"ಹೋದ ಸಲಕ್ಕಿಂತ ಒಂದು ತಿರುವು ಜಾಸ್ತಿ ಬಂತಲ್ಲ?"

"ಇವತ್ತು ಮೋಡ ಅದೆ. ಗಾಳಿ ತಣ್ಣಗದೆ. ಅದ್ಕೆ ಬಂತು" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ನನಗೆ ಸಿಟ್ಟು ಬಂತು.

ನಂತರದ ಎರಡು ದಿನ ಉಳಿದ ಎಲ್ಲವನ್ನೂ ಮಾಡಿದೆ. ಪೆಟ್ರೋಲು ಪೈಪಿನಲ್ಲೇ ಬಿಸಿಗೆ ಆವಿಯಾಗುತ್ತಿರಬಹುದೇ ಎಂದು ಪಂಪಿಗೆ ಒದ್ದೆ ಗೋಣಿ ಸುತ್ತಿದೆ. ಆವಿಯಾದರೆ ಪೆಟ್ರೋಲು ಸಾಲದೆ ನಿಲ್ಲಬೇಕು, ಹೊಗೆ ಕಪ್ಪಾಗಿ ಬರಬಾರದು. ಇದು ಗೊತ್ತಿದ್ದೂ ಸುತ್ತಿದೆ. ಏರ್ ಫಿಲ್ಟರಿನ ಎಣ್ಣೆ ಬದಲಿಸಿದೆ. ಫ್ಲೋಟಿನ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ ಪೆಟ್ರೋಲಿನ ಮಟ್ಟ ಇಳಿಸಿದೆ. ಕಿಡಿ ಸ್ವಲ್ಪ ಮುಂಚೆ ಬೀಳುವಂತೆ ಟೈಮಿಂಗು ತಿರುಗಿಸಿದೆ. ಒಂದೊಂದಕ್ಕೂ ಹತ್ತು ಮಾರು, ಇಪ್ಪತ್ತು ಮಾರು ಹೆಚ್ಚು ಹತ್ತಿತು. ಐದನೇ ತಿರುವು ದಾಟಲಿಲ್ಲ.

ಐದು ದಿನ ಉಳಿದಿದ್ದವು. ಆಗ ಹೊಳೆದದ್ದು ಇಷ್ಟು: ನಾಲ್ಕು ಗೀರಿನದು ಮೂರು ಗೀರಿನದಕ್ಕಿಂತ ಎಷ್ಟು ಚಿಕ್ಕದು ಎಂದು ಅಳೆದರೆ, ಅದೇ ಲೆಕ್ಕದಲ್ಲಿ ಐದನೆಯದನ್ನು ನಾನೇ ಮಾಡಿಕೊಳ್ಳಬಹುದು. ಅಳೆಯುವುದು ಹೇಗೆ? ಸೂಜಿ ತೂರಿಸಿ ನೋಡಬಾರದು, ತೂತು ಕೆಡುತ್ತದೆ ಎಂದು ಉಸ್ತಾದರು ಕಲಿಸಿದ್ದರು. ಅದು ನಿಜವೂ ಹೌದು. ಹಾಗಾದರೆ ನೀರು ಬಿಟ್ಟು ನೋಡಬೇಕು.

ಮಧುಗಿರಿಯ ಆಸ್ಪತ್ರೆಯ ಕಾಂಪೌಂಡರು ನನಗೆ ಪರಿಚಯ. ಅವರ ಮೋಟಾರ್ ಸೈಕಲ್ಲನ್ನು ನಾನೇ ನೋಡುತ್ತಿದ್ದೆ. ಔಷಧಿ ಅಳೆಯುವ ಗಾಜಿನ ಪಾತ್ರೆ ಬೇಕೆಂದು ಕೇಳಲು ಹೋದೆ. ವಿಷಯ ಕೇಳಿದ ಮೇಲೆ ಅವರೇ ಹುರುಪಿನಿಂದ ಎನಿಮಾ ಡಬ್ಬಿಯನ್ನು ತಂದರು. ರಬ್ಬರ್ ಕೊಳವೆ ಇರುವ, ಬಿಳಿ ಎನಾಮಲ್ಲಿನ ಡಬ್ಬಿ. "ನಾಚ್ಕೋಬೇಡ ಕಣಯ್ಯ, ತೊಳ್ದಿದೆ" ಎಂದು ಅದನ್ನು ಹಿತ್ತಲಿನ ಗೋಡೆಯ ಮೊಳೆಗೆ ನೇತುಹಾಕಿದರು. ಕೊಳವೆಯ ತುದಿಗೆ ಜೆಟ್ಟನ್ನು ದಾರದಲ್ಲಿ ಬಿಗಿಯಾಗಿ ಕಟ್ಟಿದೆ. ಡಬ್ಬಿಯಲ್ಲಿ ನೀರು ಒಂದೇ ಗೆರೆಯಲ್ಲಿರುವಂತೆ ನಾನು ಮೇಲಿನಿಂದ ಸುರಿಯುತ್ತಿರಬೇಕು. ಅವರು ಕೈಗಡಿಯಾರ ಹಿಡಿದು, ಎಂಟು ಔನ್ಸ್ ತುಂಬಲು ಎಷ್ಟು ಸೆಕೆಂಡು ಎಂದು ಎಣಿಸಬೇಕು.

ಮೂರು ಗೀರಿನದು ನಲವತ್ತಾರು ಸೆಕೆಂಡು. ನಾಲ್ಕು ಗೀರಿನದು ನಲವತ್ತಾರು ಸೆಕೆಂಡು.

ಕಟ್ಟುವಾಗ ಅದಲುಬದಲು ಮಾಡಿಕೊಂಡೆ ಎಂದುಕೊಂಡೆ. ಬಿಚ್ಚಿ ಗೀರು ಎಣಿಸಿ ಮತ್ತೆ ಕಟ್ಟಿದೆ. ನಲವತ್ತಾರು. ಎರಡು ಗೀರಿನದನ್ನು ಕಟ್ಟಿದೆ, ನಲವತ್ತಾರು. ಒಂದು ಗೀರಿನದು ನಲವತ್ತೇಳು. ಇನ್ನೊಂದು ಸಲ ನೋಡಿದರೆ ಅದೂ ನಲವತ್ತಾರು. ಬೀಡಿ ಡಬ್ಬಿಯಲ್ಲಿ ಉಳಿದಿದ್ದ ಜೆಟ್ಟುಗಳನ್ನೆಲ್ಲ ಒಂದೊಂದಾಗಿ ಕಟ್ಟಿದೆ. ಕಾಂಪೌಂಡರು ಬರೆದುಕೊಳ್ಳುತ್ತಿದ್ದವರು ಕೊನೆಗೆ ಬರೆಯುವುದನ್ನೇ ನಿಲ್ಲಿಸಿದರು.

"ಎಲ್ಲಾ ಒಂದೇ ಕಣಯ್ಯ" ಎಂದರು. "ಇದ್ರಲ್ಲಿ ಏನು ವ್ಯತ್ಯಾಸ ಅಂತ ನಿಮ್ಮ ಉಸ್ತಾದ್ರು ಹೇಳಿದ್ರು?"

ಬಾವಿಕಟ್ಟೆಯ ಮೇಲೆ ಕೂತೆ. ಎರಡು ವರ್ಷ ನಾನು ಒಂದು ತೂತನ್ನು ಬಿಚ್ಚಿ ಅದೇ ತೂತನ್ನು ಹಾಕುತ್ತಿದ್ದೆ. ಎಂಜಿನ್ನು ಸುಧಾರಿಸುತ್ತಿದ್ದದ್ದು ತೊಳೆದದ್ದಕ್ಕೆ, ಪ್ಲಗ್ಗಿಗೆ, ಫ್ಲೋಟಿಗೆ, ಜೆಟ್ಟಿಗಲ್ಲ. ಸದ್ದು ಬದಲಾಯಿತು ಎಂದು ಕೇಳಿದ ನನ್ನ ಕಿವಿಯನ್ನೇ ಕಿತ್ತೆಸೆಯೋಣ ಅನ್ನಿಸಿತು. ಹೊರಡುವಾಗ ಕೊಟ್ಟ ಹನ್ನೆರಡನ್ನಾದರೂ ಕ್ಷಮಿಸಬಹುದಿತ್ತೇನೋ. ಆ ನಾಲ್ಕು ಗೀರು? ನಾನು ಹೊರಗೆ ಕಾಯುತ್ತಾ ಕೂತಿದ್ದಾಗ ಒಳಗೆ ನಿಂತು, ನನ್ನ ಸಂಕಟವನ್ನೆಲ್ಲ ಕೇಳಿಸಿಕೊಂಡ ಮೇಲೆ, ಅರ ಹಿಡಿದು ಒಂದು, ಎರಡು, ಮೂರು, ನಾಲ್ಕು ಎಂದು ಎಳೆದಿದ್ದರು. ಆರು ವರ್ಷ ಅವರ ಮನೆಗೆ ನೀರು ಹೊತ್ತಿದ್ದೆ, ಅವರ ಕಾಯಿಲೆಯಲ್ಲಿ ಹಾಸಿಗೆಯ ಪಕ್ಕ ಕೂತಿದ್ದೆ. ಇಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳಲು ನಾನು ಅವರಿಗೆ ಏನು ಮಾಡಿದ್ದೆ?

ಸಿರಾಕ್ಕೆ ಹೋಗಿ ಜಗಳವಾಡೋಣ ಎಂದು ಅಂದೇ ಹೊರಟಿದ್ದೆ. ಬಸ್‌ಸ್ಟ್ಯಾಂಡಿನವರೆಗೆ ಬಂದವನು ನಿಂತೆ. ಹೋಗಿಬರಲು ಒಂದು ದಿನ ಬೇಕು. ಇರುವುದು ಐದೇ ದಿನ. ಜಗಳಕ್ಕೆ ಅವಸರವಿಲ್ಲ, ಜೆಟ್ಟಿಗೆ ಇದೆ. ಆ ಇಡೀ ಪ್ರಕರಣದಲ್ಲಿ ನಾನು ತೆಗೆದುಕೊಂಡ ಬುದ್ಧಿವಂತ ತೀರ್ಮಾನ ಅದೊಂದೇ.

ನನ್ನ ತಗಡಿನ ಎದುರಿಗೇ ಒಬ್ಬ ಅಕ್ಕಸಾಲಿ ಆಚಾರರ ಅಂಗಡಿ. ಮೂಗುತಿಯ ತಿರುಪು, ಸರದ ಗುಂಡಿನ ತೂತು ಎಂದು ದಿನವೂ ಕೂದಲಿನಂಥ ಬೈರಿಗೆ ಹಿಡಿಯುವ ಕೈ. ನಾಲ್ಕು ಗೀರಿನ ಜೆಟ್ಟನ್ನೇ ಅವರ ಮುಂದಿಟ್ಟೆ. ಅದರ ತೂತನ್ನು ಬೆಳ್ಳಿಯ ಬೆಸುಗೆಯಿಂದ ಮುಚ್ಚಿ, ಮೊದಲಿಗಿಂತ ಚಿಕ್ಕದಾಗಿ ಹೊಸ ತೂತು ಕೊರೆಯಬೇಕೆಂದೆ.

"ಎಷ್ಟು ಚಿಕ್ದು?"

"ನೀರು ನಲವತ್ತಾರರ ಬದಲು ಐವತ್ತು ಸೆಕೆಂಡು ತಗೋಬೇಕು, ಆಚಾರ್ರೇ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಗುಲಗಂಜಿ ತೂಕ ಹೇಳಿದ್ರೆ ಮಾಡ್ತೀನಿ. ಸೆಕೆಂಡು ಹೇಳಿದ್ರೆ ಹೆಂಗಪ್ಪ ಮಾಡಾದು? ಸಣ್ದು ಮಾಡ್ಕೊಡ್ತೀನಿ, ನೀನು ನೀರ್ ಬುಟ್ಕೊಂಡು ಬಾ. ಬೇಕಾದ್ರೆ ಒಂದೊಂದ್ ಸುತ್ತು ದೊಡ್ಡದು ಮಾಡೋವ."

ಹಾಗೇ ಮಾಡಿದೆವು. ಮೊದಲ ತೂತು ಅರವತ್ತೊಂದು ಸೆಕೆಂಡು. ಅದನ್ನೂ ಬೆಟ್ಟಕ್ಕೆ ಒಯ್ದು ನೋಡಿದೆ. ಹೊಗೆ ಪೂರ್ತಿ ಹೋಯಿತು, ಜೊತೆಗೆ ಜೀವವೂ ಹೋಯಿತು. ಕಾರ್ಬೊರೇಟರಿನಿಂದ ಪಟಪಟ ಸಿಡಿತ, ರೇಡಿಯೇಟರಿನಲ್ಲಿ ಕುದಿತ, ಪ್ಲಗ್ಗು ಸುಣ್ಣ ಬಳಿದಂತೆ ಬಿಳಿ. ಇನ್ನೊಂದು ಫರ್ಲಾಂಗು ಒತ್ತಿದ್ದರೆ ವಾಲ್ವು ಸುಟ್ಟುಹೋಗುತ್ತಿತ್ತು. ಆಚಾರರು ನೂಲಿಗೆ ಎಣ್ಣೆ ಮತ್ತು ನುಣ್ಣನೆಯ ಪುಡಿ ಹಚ್ಚಿ ತೂತಿನಲ್ಲಿ ಎಳೆದಾಡಿ ಐವತ್ನಾಲ್ಕಕ್ಕೆ ತಂದರು. ಅದು ಹತ್ತಿತು, ಆದರೆ ಕೆಮ್ಮಿಕೊಂಡು. ಮತ್ತೆ ನೂಲು, ಮತ್ತೆ ಎನಿಮಾ ಡಬ್ಬಿ. ಐವತ್ತೊಂದಕ್ಕೆ ಬಂದು ನಿಂತೆವು. ಪರೀಕ್ಷೆಗೆ ಎರಡು ದಿನ ಇರುವಾಗ ಬಸ್ಸು ಮರಳಿನ ಮೂಟೆಗಳ ಸಮೇತ ಕೊನೆಯ ತಿರುವನ್ನೂ ದಾಟಿ ದುರ್ಗದ ಮೇಲೆ ನಿಂತಿತು. ಪ್ಲಗ್ಗು ಬಿಚ್ಚಿದೆ. ಹುರಿದ ಕಾಫಿ ಬೀಜದ ತಿಳಿ ಬಣ್ಣ. ಡ್ರೈವರು ಅದನ್ನು ನನ್ನ ಕೈಯಿಂದ ಇಸಕೊಂಡು ನೋಡಿ, "ಇಪ್ಪುಡು ಊಪಿರಿ ಬಂತು" ಎಂದ.

ಅದೇ ಜೆಟ್ಟಿನಲ್ಲಿ ಪಾವಗಡದ ಬಯಲಿಗೆ ಹೋದರೆ ಸಿಡಿಯುತ್ತಿತ್ತು. ಎರಡಕ್ಕೂ ಹೊಂದುವ ನಡುವಿನ ಒಂದನ್ನು ಹುಡುಕುವ ಬದಲು ಬೆಟ್ಟದ ಬುಡದಲ್ಲೇ ಬದಲಾಯಿಸುವುದು ಎಂದು ತೀರ್ಮಾನಿಸಿದೆ. ಈ ಕಾರ್ಬೊರೇಟರಿನಲ್ಲಿ ಜೆಟ್ಟಿಗೆ ಹೊರಗಿನಿಂದಲೇ ಒಂದು ಬಿರಡೆ ಇತ್ತು. ಪೆಟ್ರೋಲು ಬಂದ್ ಮಾಡು, ಬಿರಡೆ ಬಿಚ್ಚು, ಜೆಟ್ಟು ಬದಲಿಸು, ಬಿಗಿ: ಜನ ಇಳಿದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಡ್ರೈವರಿಗೆ ಕಲಿಸಿಕೊಟ್ಟೆ. ಎರಡನೇ ಸಲಕ್ಕೇ ನನಗಿಂತ ಚೆನ್ನಾಗಿ ಮಾಡಿದ.

ಹತ್ತನೇ ದಿನ ಬೆಳಿಗ್ಗೆ ಕೊರಟಗೆರೆಯಲ್ಲಿ ಬಸ್ಸು ಹತ್ತಲು ಹೋದರೆ ಮಾಲೀಕರ ಪಕ್ಕದ ಸೀಟಿನಲ್ಲಿ ಉಸ್ತಾದರು ಕೂತಿದ್ದರು. ತೊಳೆದ ಶೇರ್ವಾನಿ, ಕಣ್ಣಿಗೆ ಸುರ್ಮಾ.

ಮಾಲೀಕರು, "ಎದೆ ಡವಡವ ಅಂತಿತ್ತು ಸಾಬು. ನಿಮ್ಮ ಉಸ್ತಾದ್ರೇ ಮೊನ್ನೆ ಬಂದು, ಹೆದರಬೇಡಿ ನಾನಿದೀನಿ ಅಂದ್ರು. ಅದ್ಕೇ ಕರ್ಕೊಂಡ್ಬಂದೆ" ಎಂದರು. ಉಸ್ತಾದರು ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಸಲಾಂ ಹೇಳಿದೆ.

ಬುಡದಲ್ಲಿ ನಾನು ಜೆಟ್ಟು ಬದಲಿಸುವುದನ್ನು ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. "ಪ್ರತಿ ಟ್ರಿಪ್ಪಿಗೂ ನೀನು ಬರ್ತೀಯೇನು?" ಎಂದು ಕೇಳಿದರು. ಡ್ರೈವರಿಗೆ ಕಲಿಸಿದ್ದೇನೆ ಎಂದೆ. ತಲೆಯಾಡಿಸಿ ಹತ್ತಿ ಕೂತರು. ಬಸ್ಸು ಹೊರಟಿತು. ಮೂರನೇ ತಿರುವು, ಐದನೇ ತಿರುವು. ಅಂದು ಮೋಡ ಇರಲಿಲ್ಲ, ಸುಡುವ ಬಿಸಿಲು. ಕೊನೆಯ ತಿರುವಿನಲ್ಲಿ ಇನ್ಸ್‌ಪೆಕ್ಟರು ಬೇಕೆಂದೇ ನಿಲ್ಲಿಸಿ ಮತ್ತೆ ಎತ್ತಲು ಹೇಳಿದರು. ಡ್ರೈವರು ಎತ್ತಿದ. ಹೊಗೆ ಇಲ್ಲ, ಮುಗ್ಗರಿಕೆ ಇಲ್ಲ. ಮೇಲೆ ನಿಂತ ಮೇಲೆ ಅವರು ಕಾಗದ ತೆಗೆದು ಸಹಿ ಹಾಕಿದರು.

ಮಾಲೀಕರು ನನ್ನ ಕೈ ಹಿಡಿಯಲು ಬರುತ್ತಿದ್ದರು. ಅಷ್ಟರಲ್ಲಿ ಉಸ್ತಾದರು ನಡುವೆ ಬಂದು ನನ್ನ ಭುಜ ತಬ್ಬಿದರು. "ನಮ್ದೇ ಹುಡ್ಗ. ನಮ್ ಕೈಯಲ್ಲೇ ತಯಾರಾಗಿದ್ದು. ಹೋದ ವಾರ ಅಳ್ತಾ ಬಂದ. ನಾಲ್ಕು ಗೀರಿನ ಜೆಟ್ಟು ಕೊಟ್ಟು ಕಳ್ಸಿದ್ದೆ. ಅದೇ ಹಾಕಿದಾನೆ, ನೋಡಿ" ಎಂದು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು. ಇನ್ಸ್‌ಪೆಕ್ಟರಿಗೆ ನಾನು ಬುಡದಲ್ಲಿ ತೋರಿಸಿದ ಜೆಟ್ಟಿನ ಅಂಚಿನಲ್ಲಿ ನಾಲ್ಕು ಗೀರು ಇದ್ದದ್ದೂ ನಿಜ. ಆಚಾರರು ಮುಚ್ಚಿದ್ದು ತೂತನ್ನು, ಗೀರನ್ನಲ್ಲ.

ಗಿರಾಕಿಯ ಮುಂದೆ ಉಸ್ತಾದರ ಮಾತನ್ನು ಶಾಗಿರ್ದ್ ಅಲ್ಲಗಳೆಯಬಾರದು. ಇದನ್ನು ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ, ಮೈಗೆ ಹತ್ತಿಬಿಟ್ಟಿರುತ್ತದೆ. ನಮ್ಮ ಭಾಷೆಯಲ್ಲಿ, ಮೆಲ್ಲಗೆ, ಅವರ ಕಿವಿಗಷ್ಟೇ ಹೇಳಿದೆ: "ಉಸ್ತಾದ್, ಎಲ್ಲವೂ ಒಂದೇ ಜೆಟ್ಟು. ನೀರು ಬಿಟ್ಟು ನೋಡಿದೆ."

ಅವರು ನಗುಮುಖ ಬದಲಿಸಲಿಲ್ಲ. "ಅಷ್ಟು ತಿಳಿಯಲು ಎರಡು ವರ್ಷ ಬೇಕಾಯಿತಾ?" ಎಂದರು.

ಇಳಿಯುವಾಗ ಮಾಲೀಕರು ಶೆಡ್ಡಿನ ವಿಷಯ ತೆಗೆದರು. ನನ್ನ ಕಡೆ ನೋಡದೆ, ಮುಂದಿನ ಗಾಜಿನ ಕಡೆ ನೋಡುತ್ತಾ ಹೇಳಿದರು. "ಗುರುಗಳೇ ಬಂದು ನಿಂತ್ಕೋತೀನಿ ಅಂದ್ಮೇಲೆ ಬೇಡ ಅನ್ನಾಕಾಗ್ತದಾ ಸಾಬು? ನೀನು ಅವ್ರ ಕೈಕೆಳ್ಗೆ ಇರು. ನಿಂಗೂ ಒಳ್ಳೇದೇ." ಅವರ ಮೇಲೆ ನನಗೆ ಅಂಥ ಸಿಟ್ಟು ಬರಲಿಲ್ಲ. ಬಸ್ಸು ಹತ್ತಬೇಕಿತ್ತು, ಹತ್ತಿತು. ಯಾರು ಹತ್ತಿಸಿದರು ಎಂಬುದು ಅವರಿಗೆ ತಿಳಿಯುವ ವಿಷಯವೂ ಆಗಿರಲಿಲ್ಲ.

ಬುಡದಲ್ಲಿ ಬಯಲಿನ ಜೆಟ್ಟು ಹಾಕಿ ನನ್ನದನ್ನು ಜೇಬಿಗಿಳಿಸಿದೆ. ಡ್ರೈವರು ನೋಡುತ್ತಿದ್ದ. "ಅದ್ನ ನನ್ ಕೈಗೆ ಕೊಡು ಮೇಸ್ತ್ರಿ. ಸರ್ವೀಸು ಸುರು ಆದ್ಮೇಲೆ ಹತ್ತಬೇಕಲ್ಲ ನಾನು" ಎಂದ.

"ಉಸ್ತಾದರನ್ನು ಕೇಳು" ಎಂದೆ.

ಅವನು ನನ್ನ ಮುಖ ನೋಡಿದ. ಬಾನೆಟ್ಟು ಮುಚ್ಚಿದ. ಅವನು ನನಗೆ ಯಾವ ಕೆಡುಕನ್ನೂ ಮಾಡಿರಲಿಲ್ಲ. ನನಗೆ ಕೈಕೊಟ್ಟವರ ಮೇಲಿನ ಸಿಟ್ಟಿನಲ್ಲಿ ನಾನು ಕೈಕೊಟ್ಟದ್ದು ಅವನಿಗೆ. ಇದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ.

ಸರ್ವೀಸು ಶುರುವಾಯಿತು. ಮೂರನೇ ತಿರುವಿನಲ್ಲಿ ಜನ ಇಳಿದು ತಳ್ಳುತ್ತಿದ್ದಾರೆ ಎಂಬ ಸುದ್ದಿ ವಾರದೊಳಗೆ ಮಧುಗಿರಿಗೆ ಬಂತು. ಉಸ್ತಾದರು ಫ್ಲೋಟು ಬಗ್ಗಿಸಿದರಂತೆ, ಗೋಣಿ ಸುತ್ತಿದರಂತೆ, ನಾನು ಮಾಡಿದ್ದೆಲ್ಲವನ್ನೂ ಅದೇ ಕ್ರಮದಲ್ಲಿ ಮಾಡಿದರಂತೆ. ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿಕೊಂಡು ಉಸ್ತಾದರು ನನ್ನ ತಗಡಿನ ಕೆಳಗೆ ಬಂದರು. ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟು ಚಹಾ ತರಿಸಿದೆ. ಅವರು ಸೊರಗಿಹೋಗಿದ್ದರು, ಸುರ್ಮಾ ಇರಲಿಲ್ಲ. ಸುತ್ತುಬಳಸದೆ ಕೇಳಿದರು: "ಬೇಟಾ, ಆವತ್ತು ಏನು ಹಾಕಿದ್ದೆ?"

ಸುಳ್ಳು ಹೇಳಲು ಎಷ್ಟು ದಿನಗಳಿಂದ ತಯಾರಾಗಿದ್ದೆ ನಾನು. ಐದು ಗೀರಿನದು ಎಂದು ಹೇಳಿ ಕಳಿಸಬೇಕೆಂದು ಮನಸ್ಸಿನಲ್ಲೇ ನೂರು ಸಲ ಆಡಿಕೊಂಡಿದ್ದೆ. ಅವರು ಎರಡೂ ಕೈಯಲ್ಲಿ ಚಹಾ ಬಟ್ಟಲು ಹಿಡಿದು ಕಾಯುತ್ತಿದ್ದದ್ದನ್ನು ನೋಡಿ ಅದು ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯ ಡಬ್ಬಿ, ಎಂಟು ಔನ್ಸ್, ನಲವತ್ತಾರು, ಅರವತ್ತೊಂದು, ಐವತ್ತೊಂದು, ಬೆಳ್ಳಿಯ ಬೆಸುಗೆ, ನೂಲು. ಎದುರಿನ ಅಂಗಡಿಯನ್ನು ಕೈತೋರಿಸಿ, "ಆಚಾರ್ರು ಒಳಗೇ ಇದ್ದಾರೆ. ಬನ್ನಿ, ಅವರ ಬಾಯಿಂದಲೇ ಕೇಳಿ" ಎಂದೆ. ಆಮೇಲೆ ಜೆಟ್ಟನ್ನು ತೆಗೆದು ಅವರ ಮುಂದೆ ಹಿಡಿದೆ. "ಇದೇ. ತಗೊಳ್ಳಿ. ಡ್ರೈವರಿಗೆ ಕೊಡಿ."

ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ತಾವೇ ಹಾಕಿದ ನಾಲ್ಕು ಗೀರಿನ ಮೇಲೆ ಉಗುರು ಆಡಿಸಿದರು. ಮುಖದಲ್ಲಿ ಒಂದು ನಗು ಬಂತು, ನಾನು ಆರು ವರ್ಷ ನೋಡಿದ ನಗು.

"ನಾನೇ ಮಾಡಿಕೊಟ್ಟದ್ದನ್ನು ನನಗೇ ಕೊಡುತ್ತಿದ್ದೀಯ" ಎಂದರು. "ಎನಿಮಾ ಡಬ್ಬಿ, ಮೂಗುತಿ ಮಾಡುವವನು, ನೂಲು. ಕಥೆ ಚೆನ್ನಾಗಿ ಕಟ್ಟಿದ್ದೀಯ. ನಿಜವಾದ್ದನ್ನು ಒಳಗಿಟ್ಟುಕೊಂಡಿದ್ದೀಯ. ಇರಲಿ. ನಿನ್ನ ಜಾಗದಲ್ಲಿ ನಾನಿದ್ದರೂ ಇದನ್ನೇ ಮಾಡುತ್ತಿದ್ದೆ."

"ಉಸ್ತಾದ್, ಖುದಾನ ಆಣೆ" ಎಂದೆ.

"ನಕ್ಕೋ, ಬೇಡ. ಆಣೆ ಹಾಕಬೇಡ" ಎಂದು ಜೆಟ್ಟನ್ನು ಸ್ಟೂಲಿನ ಮೇಲಿಟ್ಟು ಎದ್ದರು. ಚಹಾ ಅರ್ಧ ಹಾಗೇ ಇತ್ತು. ಅಕ್ಕಸಾಲಿ ಅಂಗಡಿಯ ಮುಂದಿನಿಂದಲೇ, ಒಳಗೆ ಕತ್ತು ಕೂಡ ತಿರುಗಿಸದೆ ನಡೆದುಹೋದರು.

ಆ ಜೆಟ್ಟನ್ನು ನಾನಾಗಿ ಒಯ್ದು ಡ್ರೈವರಿಗೆ ಕೊಡಲಿಲ್ಲ. ಬೆಟ್ಟದ ಸರ್ವೀಸು ಮಳೆಗಾಲದ ಮುಂಚೆಯೇ ನಿಂತಿತು. ಪರ್ಮಿಟ್ಟು ಬೇರೆಯವರ ಪಾಲಾಯಿತು. ಉಸ್ತಾದರು ಸಿರಾಕ್ಕೆ ಮರಳಿದರು. ನಾನು ಆ ಗುಂಡಿಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಎರಡು ವರ್ಷ ನನ್ನನ್ನು ಮಂಗ ಮಾಡಿದ್ದನ್ನು ಹೇಗೋ ನುಂಗಿಕೊಂಡೆ. ಶೆಡ್ಡು ಕಿತ್ತುಕೊಂಡದ್ದನ್ನೂ ನುಂಗಿಕೊಂಡೆ. ನಾನು ಮನಸ್ಸು ಗಟ್ಟಿ ಮಾಡಿಕೊಂಡು ನಿಜ ಕೊಟ್ಟ ದಿನ ಅದನ್ನು ಸುಳ್ಳೆಂದು ಸ್ಟೂಲಿನ ಮೇಲಿಟ್ಟು ಹೋದರಲ್ಲ, ಅದು ಇಂದಿಗೂ ಗಂಟಲಿನಿಂದ ಇಳಿದಿಲ್ಲ.